ಡಯಾಲಿಸಿಸ್ ಶುರುವಾಯಿತು, ಕೆಲಸ ಹೋಯಿತು: ಈಗ ಯಾರನ್ನು, ಏನು ಕೇಳಬೇಕು?

ಪ್ರಶ್ನೆ: ನನಗೆ 39 ವರ್ಷ. ತುಮಕೂರು ಜಿಲ್ಲೆಯ ಒಂದು ಹಳ್ಳಿಯವನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ 11 ವರ್ಷ ಮಷಿನ್ ಆಪರೇಟರ್ ಆಗಿದ್ದೆ. ಎಂಟು ತಿಂಗಳ ಹಿಂದೆ ಎರಡೂ ಕಿಡ್ನಿ ಹೋಗಿದೆ ಅಂದರು. ಈಗ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್. ರಜೆ ಜಾಸ್ತಿಯಾಯಿತು ಅಂತ ಐದು ತಿಂಗಳ ಹಿಂದೆ ರಾಜೀನಾಮೆಗೆ ಸಹಿ ಹಾಕಿಸಿಕೊಂಡರು. ನಾನೇ ಸಹಿ ಹಾಕಿದ್ದರಿಂದ ಏನೂ ಸಿಗುವುದಿಲ್ಲ ಅಂತಾರೆ. ಊರಿಗೆ ಬಂದಿದ್ದೇವೆ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, 67 ವರ್ಷದ ಅಮ್ಮ ಇದ್ದಾರೆ, ಒಬ್ಬಳು ಮಗಳು. ರೇಷನ್ ಕಾರ್ಡ್ ಎಪಿಎಲ್. ತಾಲ್ಲೂಕು ಆಸ್ಪತ್ರೆಯಲ್ಲಿ ಜಾಗ ಇಲ್ಲ ಅಂದರು ಅಂತ ಖಾಸಗಿಯಲ್ಲಿ ದುಡ್ಡು ಕೊಟ್ಟು ಮಾಡಿಸುತ್ತಿದ್ದೇನೆ. ಅಂಗವಿಕಲರ ಪಿಂಚಣಿ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ. ಕೊಡಲೇ? ನೋಡೋಕೆ ಚೆನ್ನಾಗೇ ಇದ್ದೀಯಲ್ಲ, ಹೆಂಡತಿ ದುಡಿಮೆ, ಸರ್ಕಾರದ ಅಕ್ಕಿ ಅಂತ ಕೂತಿದ್ದೀಯ ಅಂತ ಜನ ಆಡಿಕೊಳ್ಳುತ್ತಾರೆ. ನನಗೆ ಯಾರ ಮುಂದೆಯೂ ಕೈಚಾಚಿ ಅಭ್ಯಾಸ ಇಲ್ಲ.

ಉತ್ತರ: ಮೊದಲು ದುಡ್ಡು ಕೇಳುತ್ತಿರುವ ಆ ಮನುಷ್ಯನ ವಿಷಯ. ಒಂದು ರೂಪಾಯಿಯನ್ನೂ ಕೊಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ. ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಜನರ ಕಾಗದ ಪತ್ರ ನೋಡುವುದೇ ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪು ಒಂದೇ. ಕಾಯಿಲೆ ಬಂದವರು ಸೀದಾ ಸರ್ಕಾರದ ಪಿಂಚಣಿಗೆ ಓಡುತ್ತಾರೆ, ಎಂಟುನೂರು ರೂಪಾಯಿಗಾಗಿ ನಾಲ್ಕು ತಿಂಗಳು ಅಲೆಯುತ್ತಾರೆ. ಅವರದ್ದೇ ದುಡಿಮೆಯ ಲಕ್ಷದ ಹತ್ತಿರದ ಹಣ ಕಾರ್ಖಾನೆಯಲ್ಲೋ ಪಿಎಫ್ ಕಚೇರಿಯಲ್ಲೋ ಕೂತಿರುತ್ತದೆ, ಅದನ್ನು ಕೇಳುವುದೇ ಇಲ್ಲ. ನಿಮಗೆ ಈಗ ಓಡಾಡಲು ವಾರದಲ್ಲಿ ಎರಡು ಅಥವಾ ಮೂರು ದಿನ ಮಾತ್ರ ಶಕ್ತಿ ಇರುತ್ತದೆ. ಡಯಾಲಿಸಿಸ್ ದಿನ ಹೋಯಿತು, ಮರುದಿನ ಅರ್ಧ ಸುಸ್ತಿನಲ್ಲಿ ಹೋಯಿತು. ಹಾಗಾಗಿ ಯಾವ ಬಾಗಿಲು ಮೊದಲು ತಟ್ಟಬೇಕು ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ನಿಮ್ಮದು ಮೊದಲು, ಸರ್ಕಾರದ್ದು ಆಮೇಲೆ.

ನಿಮ್ಮದು ಅಂದರೆ ಮೊದಲನೆಯದು ಗ್ರ್ಯಾಚುಟಿ, ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಹಣ. ರಾಜೀನಾಮೆಗೆ ಸಹಿ ಹಾಕಿದರೆ ಏನೂ ಸಿಗಲ್ಲ ಅನ್ನುವುದು ಸುಳ್ಳು. ಐದು ವರ್ಷ ಸತತವಾಗಿ ದುಡಿದವರು ರಾಜೀನಾಮೆ ಕೊಟ್ಟರೂ ಗ್ರ್ಯಾಚುಟಿ ಬರಲೇಬೇಕು, ನೀವು 11 ವರ್ಷ ದುಡಿದಿದ್ದೀರಿ. ಕಾಯಿಲೆಯಿಂದಲೋ ಅಪಘಾತದಿಂದಲೋ ಅಂಗವೈಕಲ್ಯ ಬಂದು ಕೆಲಸ ಬಿಡಬೇಕಾದವರಿಗೆ ಆ ಐದು ವರ್ಷದ ಷರತ್ತೂ ಇಲ್ಲ, ಇದನ್ನು ಓದುತ್ತಿರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಹೇಳುತ್ತಿದ್ದೇನೆ. ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಬಂದಿದ್ದನ್ನು ವರ್ಷಗಳಿಂದ ಗುಣಿಸಿ. ನಿಮ್ಮ ಮೂಲ ವೇತನ ಮತ್ತು ಡಿಎ 14,000 ಇತ್ತು ಅಂದುಕೊಂಡರೆ 11 ವರ್ಷಕ್ಕೆ ಸುಮಾರು 88,800 ರೂಪಾಯಿ ಆಗುತ್ತದೆ. ಸಂಬಳದ ಚೀಟಿ ತೆಗೆದು ನಿಮ್ಮ ಅಂಕಿ ಹಾಕಿ ನೋಡಿ. ಕಂಪನಿಗೆ ಅರ್ಜಿ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಐದು ತಿಂಗಳು ತಡವಾಯಿತು ಅಂತ ಹೆದರಬೇಡಿ. ತಡ ಅನ್ನುವ ಒಂದೇ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕುವ ಹಾಗಿಲ್ಲ, ತಡವಾಗಿ ಕೊಟ್ಟರೆ ಅವರೇ ಬಡ್ಡಿ ಕೊಡಬೇಕು. ಒಂದು ತಿಂಗಳು ಕಾದು ನೋಡಿ, ಉತ್ತರ ಬರದಿದ್ದರೆ ಕಾರ್ಖಾನೆ ಇರುವ ಜಾಗಕ್ಕೆ ಸಂಬಂಧಪಟ್ಟ ಕಾರ್ಮಿಕ ಇಲಾಖೆಯ ಸಹಾಯಕ ಆಯುಕ್ತರಿಗೆ ದೂರು ಕೊಡಿ. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಕಾರ್ಖಾನೆ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಕಾನೂನಿನಲ್ಲೇ ಇದೆ. ಫೋನ್ ಮಾಡುವುದಾದರೆ 15100.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಸತತ ಅನಾರೋಗ್ಯದ ಕಾರಣಕ್ಕೆ ಕೆಲಸದಿಂದ ತೆಗೆದರೆ ಕಾನೂನು ಅದನ್ನು ರಿಟ್ರೆಂಚ್‌ಮೆಂಟ್, ಅಂದರೆ ಪರಿಹಾರ ಕೊಟ್ಟು ಮಾಡಬೇಕಾದ ಕೆಲಸ ಕಡಿತ, ಅಂತ ಎಣಿಸುವುದಿಲ್ಲ, ಆ ಪರಿಹಾರ ಸಿಗುವುದಿಲ್ಲ. ಅದಕ್ಕಾಗಿ ಜಗಳಕ್ಕೆ ನಿಂತು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಶಕ್ತಿ ನಿಮಗೆ ಈಗ ಇಲ್ಲ. ಗ್ರ್ಯಾಚುಟಿ ಹಾಗಲ್ಲ, ಅದು ಖಚಿತವಾಗಿ ನಿಮ್ಮದು, ಅದನ್ನು ಹಿಡಿದುಕೊಳ್ಳಿ.

ಎರಡನೆಯದು ಇಎಸ್ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ. ನೀವು ಪತ್ರದಲ್ಲಿ ಇದರ ಬಗ್ಗೆ ಬರೆದೇ ಇಲ್ಲ, ಆದರೆ ತಿಂಗಳ ಸಂಬಳ 21,000ದ ಒಳಗಿದ್ದರೆ ನಿಮ್ಮ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ ಮುರಿದೇ ಇರುತ್ತಾರೆ, ಕಂಪನಿ ನೂರಕ್ಕೆ ಮೂರೂಕಾಲು ರೂಪಾಯಿ ಹಾಕಿರುತ್ತದೆ. ಕೆಲಸ ಬಿಟ್ಟ ದಿನವೇ ಇಎಸ್ಐ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ಹಣಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ನೀವು ಬಿಟ್ಟು ಐದೇ ತಿಂಗಳು ಆಗಿರುವುದರಿಂದ ನಿಮ್ಮ ಅವಧಿ ಇನ್ನೂ ಉಳಿದಿರುವ ಸಾಧ್ಯತೆ ಚೆನ್ನಾಗಿದೆ. ಸಾಮಾನ್ಯ ಕಾಯಿಲೆ ಭತ್ಯೆ ವರ್ಷಕ್ಕೆ 91 ದಿನ, ಕೂಲಿಯ ಶೇ. 70. ಆದರೆ ದೀರ್ಘ ಕಾಯಿಲೆಗಳ ಪಟ್ಟಿ ಬೇರೆಯೇ ಇದೆ, ಅದರಲ್ಲಿ 34 ಕಾಯಿಲೆಗಳಿವೆ, ದೀರ್ಘಕಾಲದ ಕಿಡ್ನಿ ವೈಫಲ್ಯ ಅದರಲ್ಲಿ ಒಂದು. ಎರಡು ವರ್ಷ ಸತತವಾಗಿ ಇಎಸ್ಐ ಇರುವ ಕೆಲಸದಲ್ಲಿದ್ದು, ಹಿಂದಿನ ನಾಲ್ಕು ಅವಧಿಗಳಲ್ಲಿ ಒಟ್ಟು 156 ದಿನದ ವಂತಿಗೆ ಇದ್ದರೆ ಕೂಲಿಯ ಶೇ. 80ರಷ್ಟು ಭತ್ಯೆ ಗರಿಷ್ಠ ಎರಡು ವರ್ಷದವರೆಗೂ ಸಿಗುವ ನಿಯಮ ಅದು. ಕಾಯಿಲೆ ಗೊತ್ತಾದಾಗ ನೀವು ಕೆಲಸದಲ್ಲೇ ಇದ್ದಿರಿ, ಅಲ್ವಾ? ಆಗಿನಿಂದ ಇರುವ ಆಸ್ಪತ್ರೆ ಚೀಟಿ, ಡಯಾಲಿಸಿಸ್ ದಾಖಲೆ ಎಲ್ಲ ಜೋಡಿಸಿ ಇಎಸ್ಐ ಶಾಖಾ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಕೆಲಸದಲ್ಲಿದ್ದಾಗ ಕಳೆದ ದಿನಗಳಿಗೂ ಸೇರಿಸಿ ಕೇಳಿ. ಕಿಟಕಿಯಲ್ಲಿ ಕೂತವರು ಬಾಯಲ್ಲಿ ಬರಲ್ಲ ಹೋಗಿ ಅಂದರೆ ವಾಪಸ್ ಬರಬೇಡಿ. ಬರಲ್ಲ ಅಂತ ಬರೆದುಕೊಡಿ ಅಂತ ಕೇಳಿ. ಬರೆದುಕೊಡಬೇಕಾದಾಗ ಮಾತ್ರ ನಿಯಮ ತೆರೆದು ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವಧಿ ಮುಗಿದರೆ ದಾರಿ ಮುಚ್ಚುತ್ತದೆ, ಹಾಗಾಗಿ ಗ್ರ್ಯಾಚುಟಿ ಅರ್ಜಿ ಪೋಸ್ಟಿಗೆ ಹಾಕಿದ ದಿನವೇ ಇದನ್ನೂ ಶುರುಮಾಡಿ.

ಮೂರನೆಯದು ಪಿಎಫ್. ಇಲ್ಲಿ ನನ್ನ ಸಲಹೆ ಅವಸರ ಬೇಡ ಅನ್ನುವುದು. ಕಂಪನಿಯವರು ನಿಮ್ಮ ಕೆಲಸ ಬಿಟ್ಟ ದಿನಾಂಕ ಹಾಕಿದ್ದಾರಾ ಅಂತ ಮೊದಲು ಯುಎಎನ್ (ನಿಮ್ಮ ಪಿಎಫ್ ನಂಬರ್) ಖಾತೆಯಲ್ಲಿ ನೋಡಿ. ಪಿಎಫ್ ಮತ್ತು ಪಿಂಚಣಿ ಎರಡು ಬೇರೆ ಬೇರೆ ಗಂಟು. ಹತ್ತು ವರ್ಷ ಮುಗಿಸಿದವರಿಗೆ ಪಿಂಚಣಿ ಗಂಟು ಒಡೆಯುವ ಹಾಗಿಲ್ಲ, ಅದು ಪಿಂಚಣಿಯಾಗಿಯೇ ಬರುತ್ತದೆ, 58ಕ್ಕೆ ಪೂರ್ತಿ, 50ರಿಂದ ಬೇಕಾದರೆ ಮುಂಚಿನ ಪ್ರತಿ ವರ್ಷಕ್ಕೆ ಶೇ. 4 ಕಡಿಮೆ. ಕೊನೆಯ 60 ತಿಂಗಳ ಸಂಬಳದ ಸರಾಸರಿ 14,000 ಅಂತ ಹಿಡಿದರೂ 11 ವರ್ಷಕ್ಕೆ ತಿಂಗಳಿಗೆ 2,200 ಆಗುತ್ತದೆ. ಈಗಲೇ ಕೈಗೆ ಬರುವ ದುಡ್ಡಲ್ಲ. ಆದರೂ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮಗೆ ಏನಾದರೂ ಆದರೆ ಹೆಂಡತಿಗೆ ಪಿಂಚಣಿ, ಮಗಳಿಗೆ ಅವಳ ಪಾಲು ಇದೇ ಗಂಟಿನಿಂದ ಬರುತ್ತದೆ. ಕೇಳಲು ಕಷ್ಟದ ಮಾತು, ನನಗೆ ಬರೆಯಲೂ ಕಷ್ಟ. ನಾಮಿನಿ ಹೆಸರು, ಆಧಾರ್‌ನಲ್ಲಿ ಇರುವ ಹೆಸರು, ಹುಟ್ಟಿದ ದಿನಾಂಕ ಮೂರೂ ಒಂದಕ್ಕೊಂದು ತಾಳೆ ಆಗುತ್ತವಾ ನೋಡಿಕೊಳ್ಳಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಅಲೆದ ಹೆಣ್ಣುಮಕ್ಕಳು ನನ್ನ ಬೆಂಚಿನ ಮೇಲೆ ಅತ್ತಿದ್ದಾರೆ. ಪಿಎಫ್ ಗಂಟಿನಿಂದ ಚಿಕಿತ್ಸೆಗೆ ಅಂತ ಹಣ ತೆಗೆಯಬಹುದು, ಆದರೆ ಅದನ್ನೆಲ್ಲ ತಂದು ಖಾಸಗಿ ಡಯಾಲಿಸಿಸ್‌ಗೆ ಸುರಿಯಬೇಡಿ. ಖಾಲಿಯಾಗುವುದು ಗೊತ್ತೇ ಆಗುವುದಿಲ್ಲ.

ಈಗ ಸರ್ಕಾರದ್ದು. ಬೇರೆಲ್ಲ ಬಾಗಿಲಿನ ಕೀಲಿಕೈ ರೇಷನ್ ಕಾರ್ಡ್. ನಿಮ್ಮದು ಎಪಿಎಲ್, ಯಾಕೆಂದರೆ ಸಂಬಳ ಇದ್ದಾಗ ಮಾಡಿಸಿದ್ದು. ಕರ್ನಾಟಕದಲ್ಲಿ ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷದ ಒಳಗಿರಬೇಕು. ಈಗ ನಿಮ್ಮ ಮನೆಯ ಆದಾಯ ಅಂದರೆ ಹೆಂಡತಿಯ ಹೊಲಿಗೆಯದ್ದು ಮಾತ್ರ. ನಾಡಕಚೇರಿಯಲ್ಲಿ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ, ಡಯಾಲಿಸಿಸ್ ನಡೆಯುತ್ತಿದೆ ಅಂತ ಕಿಡ್ನಿ ಡಾಕ್ಟರಿಂದ ಒಂದು ಪತ್ರ ತೆಗೆದುಕೊಂಡು, ತಾಲ್ಲೂಕು ಆಹಾರ ಶಾಖೆಗೆ ವೈದ್ಯಕೀಯ ತುರ್ತು ಅಂತ ಅರ್ಜಿ ಕೊಡಿ. ಹೊಸ ಕಾರ್ಡ್ ಅರ್ಜಿಗಳು ನಿಂತಿವೆ ಅಂತ ಹೇಳುವ ದಿನಗಳಲ್ಲೂ ಗಂಭೀರ ಕಾಯಿಲೆಯವರ ಅರ್ಜಿ ಬೇರೆಯಾಗಿ ನೋಡಿದ್ದಾರೆ, ತಹಸೀಲ್ದಾರರನ್ನೇ ಕಂಡು ಕೇಳಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಬಿಡದೆ ಪಡೆಯಿರಿ. ಅದರಲ್ಲಿ ಎಷ್ಟು ದಿನದೊಳಗೆ ಕೆಲಸ ಆಗಬೇಕು ಅಂತ ಇರುತ್ತದೆ.

ಯಾಕೆ ಬಿಪಿಎಲ್ ಇಷ್ಟು ಮುಖ್ಯ ಅಂದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ಗೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಬಿಪಿಎಲ್‌ನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ, ಈ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲೇ ಶುರುವಾಗಿದೆ. ಜಾಗ ಇಲ್ಲ ಅಂದರು ಅಂತ ಬರೆದಿದ್ದೀರಿ. ಜಾಗ ಇಲ್ಲ ಅನ್ನುವುದು ಇವತ್ತಿನ ಮಾತು. ಮಷಿನ್‌ಗಳು ಪಾಳಿಯಲ್ಲಿ ಓಡುತ್ತವೆ, ರೋಗಿಗಳು ಬೇರೆ ಊರಿಗೆ ಹೋಗುತ್ತಾರೆ, ಕಸಿ ಮಾಡಿಸಿಕೊಳ್ಳುತ್ತಾರೆ, ಜಾಗ ಖಾಲಿಯಾಗುತ್ತದೆ. ನಿಮ್ಮ ಹೆಸರು, ಫೋನ್ ನಂಬರ್ ಕಾಯುವವರ ಪಟ್ಟಿಯಲ್ಲಿ ಬರೆಸಿ. ಪಕ್ಕದ ತಾಲ್ಲೂಕು ಆಸ್ಪತ್ರೆಯಲ್ಲೂ, ಜಿಲ್ಲಾ ಆಸ್ಪತ್ರೆಯಲ್ಲೂ ಬರೆಸಿ. ವಾರಕ್ಕೊಮ್ಮೆ ಫೋನ್ ಮಾಡಿ ಕೇಳಿ. ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸುವ ಸಣ್ಣ ಆಪರೇಷನ್) ಇನ್ನೂ ಮಾಡಿಸಿಲ್ಲದಿದ್ದರೆ, ಕತ್ತಿನ ಪೈಪಿನಲ್ಲೇ ನಡೆಯುತ್ತಿದ್ದರೆ, ದಯವಿಟ್ಟು ಅದನ್ನು ಮುಂದೂಡಬೇಡಿ. ಪೈಪಿನಿಂದ ಸೋಂಕು ತಗುಲುವ ಅಪಾಯ ಜಾಸ್ತಿ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪಡೆದು ಯೋಜನೆಯಲ್ಲೇ ಫಿಸ್ಟುಲಾ ಆಗುತ್ತದಾ ಕೇಳಿ.

ಅಂಗವಿಕಲರ ಪಿಂಚಣಿಗೆ ಬರುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ. ಥಲಸ್ಸೀಮಿಯಾ ಇದೆ, ಹಿಮೋಫಿಲಿಯಾ ಇದೆ, ಪಾರ್ಕಿನ್ಸನ್ ಇದೆ. ಕಿಡ್ನಿ ವೈಫಲ್ಯ ಇಲ್ಲ. ವಾರಕ್ಕೆ ಎರಡು ದಿನ ನಾಲ್ಕು ನಾಲ್ಕು ಗಂಟೆ ಮಷಿನ್‌ಗೆ ಕಟ್ಟಿಹಾಕಿಕೊಂಡು ಬದುಕುವ ಮನುಷ್ಯ ಈ ಪಟ್ಟಿಯಲ್ಲಿ ಇಲ್ಲ ಅನ್ನುವುದು ನನ್ನ ಪ್ರಕಾರ ದೊಡ್ಡ ಅನ್ಯಾಯ, ಇದು ಬದಲಾಗಬೇಕು. ಆದರೆ ಇವತ್ತಿನ ಸ್ಥಿತಿ ಇದು. ಹಾಗಾಗಿ ಡಯಾಲಿಸಿಸ್ ಒಂದನ್ನೇ ತೋರಿಸಿ ಅಂಗವಿಕಲರ ಪಿಂಚಣಿ ಮಾಡಿಸುತ್ತೇನೆ ಅನ್ನುವವನು ಒಂದೋ ನಿಮ್ಮ ದುಡ್ಡು ನುಂಗುತ್ತಾನೆ, ಇಲ್ಲವೇ ಸುಳ್ಳು ಪ್ರಮಾಣಪತ್ರ ಮಾಡಿಸಿ ನಿಮ್ಮನ್ನು ಕೇಸಿನಲ್ಲಿ ಸಿಕ್ಕಿಸುತ್ತಾನೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ದೃಷ್ಟಿ ಹೋಗಿದ್ದರೆ, ಕಾಲಿಗೆ ತೊಂದರೆ ಆಗಿದ್ದರೆ, ಕಿವಿ ಕೇಳದಿದ್ದರೆ ಅದು ಬೇರೆ ಮಾತು. ಅದಕ್ಕೆ ಯುಡಿಐಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅರ್ಜಿ ಹಾಕಿ ವೈದ್ಯರ ಮುಂದೆ ಹೋಗಬಹುದು, ಶೇ. 40 ದಾಟಿದರೆ ರಾಜ್ಯದ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಅರ್ಜಿ ಹಾಕಲು ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೇ ಸಹಾಯ ಮಾಡುತ್ತಾರೆ, ಮಧ್ಯವರ್ತಿ ಬೇಕಿಲ್ಲ.

ನಿಮ್ಮ ಹೆಸರಿನಲ್ಲಿ ಪಿಂಚಣಿ ಇಲ್ಲದಿದ್ದರೂ ಮನೆಗೆ ಬರಬೇಕಾದ್ದು ಇದೆ. ಅಮ್ಮನಿಗೆ 67 ಅಂದಿರಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200, ಆದಾಯದ ಮಿತಿ ಇದೆ, ಅದಕ್ಕೂ ಅದೇ ಆದಾಯ ಪ್ರಮಾಣಪತ್ರ ಸಾಕು. ಗೃಹಲಕ್ಷ್ಮಿಯ 2,000 ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ, ಎಪಿಎಲ್ ಕಾರ್ಡಿಗೂ ಬರುತ್ತದೆ, ಯಜಮಾನಿಯಾಗಲಿ ಅವರ ಗಂಡನಾಗಲಿ ಆದಾಯ ತೆರಿಗೆಯನ್ನೋ ಜಿಎಸ್‌ಟಿಯನ್ನೋ ಕಟ್ಟುವವರಾಗಿರಬಾರದು ಅಷ್ಟೇ. ಅದು ಬರುತ್ತಿದೆಯಾ ಅಂತ ನೀವು ಬರೆದಿಲ್ಲ. ಬರದಿದ್ದರೆ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆಯಾ ನೋಡಿ, ಹೆಚ್ಚಾಗಿ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಡಯಾಲಿಸಿಸ್‌ಗೋ ಕಿಡ್ನಿ ಕಸಿಗೋ ರೈಲಿನಲ್ಲಿ ಹೋಗುವುದಾದರೆ ನಿಮಗೂ ಜೊತೆಗೆ ಬರುವ ಒಬ್ಬರಿಗೂ ಸ್ಲೀಪರ್, ಸೆಕೆಂಡ್ ಕ್ಲಾಸಿನಲ್ಲಿ ಶೇ. 75 ರಿಯಾಯಿತಿ. ಆಸ್ಪತ್ರೆಯಿಂದ ರೈಲ್ವೆ ನಮೂನೆಯಲ್ಲಿ ಪತ್ರ ಪಡೆದು ಕೌಂಟರಿನಲ್ಲಿ ಟಿಕೆಟ್ ತೆಗೆಯಬೇಕು. ಹೆಂಡತಿಗೆ ಬಸ್ಸು ಹೇಗೂ ಉಚಿತ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ, ಯಾಕೆಂದರೆ ಇದು ಜೀವದ ವಿಷಯ. ಕಾಯಿಲೆಯವರನ್ನು ನೋಡಲು ಬರುವವರು ನಮ್ಮ ಕಡೆ ಎಳನೀರು ತರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ. ನಿಮಗೆ ಅದು ಬೇಡ. ಎಳನೀರು, ಬಾಳೆಹಣ್ಣು, ಕಿತ್ತಳೆ, ಒಣಹಣ್ಣು, ಇವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯ ನಿಂತುಬಿಡಬಹುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ. ನಮಗೆ ಸೊಪ್ಪಿನ ಬಸ್ಸಾರು ಅಂದರೆ ಪ್ರಾಣ, ಆದರೆ ನಿಮಗೆ ಬಸಿದ ನೀರು ಚೆಲ್ಲಬೇಕಾದ್ದು, ಸಾರಿಗೆ ಹಾಕಬೇಕಾದ್ದಲ್ಲ. ರಾಗಿ ಮುದ್ದೆ ಎಷ್ಟು, ಬೇಳೆ ಎಷ್ಟು, ದಿನಕ್ಕೆ ನೀರು ಎಷ್ಟು ಅಂತ ನಿಮ್ಮ ರಕ್ತ ಪರೀಕ್ಷೆ ನೋಡಿ ಡಾಕ್ಟರ್ ಹೇಳಬೇಕು, ಅವರನ್ನೇ ಕೇಳಿ. ಯಾರೋ ಕೊಟ್ಟ ಬೇರು, ಕಷಾಯ ಕುಡಿದು ಡಯಾಲಿಸಿಸ್ ತಪ್ಪಿಸಿ, ಉಸಿರು ಕಟ್ಟಿ ಬಂದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಎಲ್ಲರೂ ಉಳಿಯಲಿಲ್ಲ.

ಕೆಲಸದ ಬಗ್ಗೆ. ಇನ್ನು ದುಡಿಯುವುದೇ ಆಗಲ್ಲ ಅಂತ ಈಗಲೇ ತೀರ್ಮಾನ ಮಾಡಬೇಡಿ, ನಾಳೆಯಿಂದಲೇ ಹೋಗುತ್ತೇನೆ ಅಂತಲೂ ಹೊರಡಬೇಡಿ. ಮೊದಲ ವರ್ಷ ದೇಹ ಹೊಂದಿಕೊಳ್ಳಲು ಹೆಣಗುತ್ತದೆ. ರಕ್ತ ಕಡಿಮೆ ಇದ್ದರೆ ಎರಡು ಹೆಜ್ಜೆಗೆ ಏದುಸಿರು ಬರುತ್ತದೆ, ಹಿಮೋಗ್ಲೋಬಿನ್ ಸರಿಯಾದ ಮೇಲೆ ಅದೇ ಮನುಷ್ಯ ನಡೆದುಕೊಂಡು ವಾರ್ಡಿಗೆ ಬರುತ್ತಾನೆ. ಫಿಸ್ಟುಲಾ ಇರುವ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ, ಹಾಗಾಗಿ ಹಳೆಯ ಮಷಿನ್ ಕೆಲಸಕ್ಕೆ ಅದೇ ರೀತಿ ವಾಪಸ್ ಹೋಗುವುದು ಕಷ್ಟ. ಆದರೆ 11 ವರ್ಷ ಅಳತೆ ಹಿಡಿದು ದುಡಿದವರಿಗೆ ಕೂತು ಮಾಡುವ ಇನ್ಸ್‌ಪೆಕ್ಷನ್ ಕೆಲಸ, ಸ್ಟೋರ್ ಕೆಲಸ ಗೊತ್ತೇ ಇರುತ್ತದೆ. ನಿಮ್ಮ ಮನೆಯಲ್ಲೇ ಒಂದು ಹೊಲಿಗೆ ಮಷಿನ್ ಇದೆ. ಕಟಿಂಗ್, ಲೆಕ್ಕ, ಆರ್ಡರ್ ಹಿಡಿಯುವುದು ನೀವು ನೋಡಿಕೊಂಡರೆ ಅದೂ ದುಡಿಮೆಯೇ. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಡಯಾಲಿಸಿಸ್ ಇದೆ, ಅದು ನಿಮಗೆ ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ. ಕೆಲಸಕ್ಕೆ ಹೋಗುವ ಕೆಲವರಿಗೆ ಅದು ಅನುಕೂಲ. ಕಸಿಯ ಬಗ್ಗೆಯೂ ಈಗಲೇ ಮಾತು ಶುರುಮಾಡಿ. ಮನೆಯವರು ಯಾರಾದರೂ ಕೊಡಲು ಆಗದಿದ್ದರೆ ಕಸಿ ಮಾಡುವ ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯ (ಸತ್ತವರ ಅಂಗದಾನ ನೋಡಿಕೊಳ್ಳುವ ರಾಜ್ಯ ಸಂಸ್ಥೆಯ) ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು. ಆ ಪಟ್ಟಿಯಲ್ಲಿ ಕಾಯುವ ಕಾಲ ಉದ್ದ, ಅದಕ್ಕೇ ಬೇಗ ಹೆಸರು ಬರೆಸಬೇಕು. ಹೆಂಡತಿಯೇ ಕೊಡಲಿ ಅಂತ ಸುತ್ತಲಿನವರು ಸುಲಭವಾಗಿ ಹೇಳಿಬಿಡುತ್ತಾರೆ, ಅದು ಅವರ ಮನಸ್ಸಿನಿಂದ ಬರಬೇಕಾದ ಮಾತು, ಅವರ ಮೇಲೆ ಒತ್ತಡ ಬೀಳದ ಹಾಗೆ ನೀವೇ ನೋಡಿಕೊಳ್ಳಿ.

ಇನ್ನು ಊರಿನವರ ಮಾತು. ನೋಡೋಕೆ ಚೆನ್ನಾಗಿದ್ದೀಯಲ್ಲ ಅನ್ನುವವರಿಗೆ ನಿಮ್ಮ ಶುಕ್ರವಾರ ರಾತ್ರಿ ಗೊತ್ತಿಲ್ಲ. ಕಾಲು ಸೆಟೆದುಕೊಳ್ಳುವುದು, ಬಾಯಾರಿ ಒಂದು ಲೋಟ ನೀರನ್ನು ಲೆಕ್ಕ ಹಾಕಿ ಗುಟುಕಿಸುವುದು, ಇದೆಲ್ಲ ಮುಖದ ಮೇಲೆ ಕಾಣುವುದಿಲ್ಲ. ಎಲ್ಲರಿಗೂ ವಿವರಿಸುತ್ತಾ ಕೂರಬೇಡಿ. ನಿಮ್ಮ ಮನೆಗೆ ಹತ್ತಿರದವರು ಇಬ್ಬರನ್ನೋ ಮೂವರನ್ನೋ ಒಂದು ಸಲ ಡಯಾಲಿಸಿಸ್‌ಗೆ ಜೊತೆಗೆ ಕರೆದುಕೊಂಡು ಹೋಗಿ. ನಮ್ಮಲ್ಲಿ ಒಬ್ಬರು ತಮ್ಮ ಸ್ವಂತ ಅಣ್ಣನ ಬಾಯಿಗೆ ಹೆದರಿ ಒಂದು ವರ್ಷ ಕಾಯಿಲೆ ಮುಚ್ಚಿಟ್ಟಿದ್ದರು. ಕೊನೆಗೆ ಅಣ್ಣ ಒಂದು ದಿನ ಬಂದು ಆ ನಾಲ್ಕು ಗಂಟೆ ಪಕ್ಕದಲ್ಲಿ ಕೂತರು. ಆಮೇಲೆ ಪ್ರತಿ ವಾರ ಬೈಕಿನಲ್ಲಿ ಬಿಟ್ಟು ಹೋಗುತ್ತಿದ್ದವರು ಅವರೇ.

ಕೈಚಾಚಿ ಅಭ್ಯಾಸ ಇಲ್ಲ ಅಂದಿರಿ. ನೀವು 11 ವರ್ಷ ಇಎಸ್ಐ ಕಟ್ಟಿದಿರಿ, ಹೆಚ್ಚಿನ ತಿಂಗಳು ಒಂದು ಮಾತ್ರೆಯನ್ನೂ ತೆಗೆದುಕೊಳ್ಳದೆ. ಆ ಹಣದಲ್ಲಿ ಬೇರೆ ಯಾರದ್ದೋ ಹೆರಿಗೆ ಆಯಿತು, ಯಾರದ್ದೋ ಮುರಿದ ಕಾಲು ಕೂಡಿತು. ಈಗ ನಿಮ್ಮ ಸರದಿ. ರೇಷನ್ ಅಕ್ಕಿಯೂ ಹಾಗೇ, ನೀವು ಸೋಪಿಗೆ, ಪೆಟ್ರೋಲಿಗೆ ಕಟ್ಟಿದ ತೆರಿಗೆಯೂ ಅದರಲ್ಲಿದೆ. ಆದರೂ ರಾತ್ರಿ ನಿದ್ದೆ ಬರದೆ, ಇದೆಲ್ಲ ಸಾಕು ಅನ್ನಿಸಿದರೆ, ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ದೀರ್ಘ ಕಾಯಿಲೆಯವರಲ್ಲಿ ಮನಸ್ಸು ಕುಸಿಯುವುದು ಕಾಯಿಲೆಯದ್ದೇ ಒಂದು ಭಾಗ. 14416 ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಹೆಂಡತಿಯೂ ಮಾಡಬಹುದು. ಅವರು ಹೇಗಿದ್ದಾರೆ ಅಂತ ಯಾರೂ ಕೇಳಿರಲಿಕ್ಕಿಲ್ಲ.

ಮುಂದಿನ ಗುರುವಾರದ ಕೆಲಸ ಇಷ್ಟೇ. ಸಂಬಳ ಚೀಟಿ, ರಾಜೀನಾಮೆಯ ಪ್ರತಿ, ಇಎಸ್ಐ ನಂಬರ್, ಯುಎಎನ್, ಮೊದಲ ಡಯಾಲಿಸಿಸ್‌ನ ಚೀಟಿ, ಎಲ್ಲ ಒಂದೇ ಫೈಲಿಗೆ ಹಾಕಿ ಎರಡೆರಡು ಜೆರಾಕ್ಸ್ ತೆಗೆಸಿ. ಗ್ರ್ಯಾಚುಟಿ ಅರ್ಜಿ ಪೋಸ್ಟಿಗೆ ಹಾಕಿ, ಇಎಸ್ಐ ಅರ್ಜಿ ಕೊಟ್ಟು ಬನ್ನಿ. ದೂರ ಆಗುತ್ತದೆ ಅನ್ನಿಸಿದರೆ ಒಂದು ವಾರ ಒಂದು, ಇನ್ನೊಂದು ವಾರ ಇನ್ನೊಂದು. ಬಿಪಿಎಲ್ ಅರ್ಜಿಗೆ ಹೆಂಡತಿ ಹೋಗಿ ಬರಬಹುದು. ಇಎಸ್ಐನವರು ಏನು ಬರೆದುಕೊಟ್ಟರು ಅಂತ ನನಗೆ ತಿಳಿಸಿ, ಅದನ್ನು ನೋಡಿ ಮುಂದಿನ ಅರ್ಜಿ ಹೇಗೆ ಬರೆಯಬೇಕು ಅಂತ ಹೇಳುತ್ತೇನೆ.